ಡ್ರಮ್ ಮೇಲಿನ ‘ಟಿಇಎ’ ಯಾವುದು? ಒಪಿಸಿಡಬ್ಲ್ಯು ರಾಸಾಯನಿಕ ಡೇಟಾಬೇಸ್‌ನ ವಿಮರ್ಶೆ

ಸ್ಟೋರ್ಸ್‌ಗೆ ಡ್ರಮ್ ಬಂದಿಳಿದಿದೆ, ಲೇಬಲ್ ಮೇಲೆ ‘ಟಿಇಎ’ ಎಂದಷ್ಟೇ ಇದೆ. ಅದು ಟ್ರೈಎಥನೊಲಮೈನ್ ಆದರೆ ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಸ್ತು. ಟ್ರೈಎಥಿಲಮೈನ್ ಆದರೆ ಪಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ನಂಜನಗೂಡು, ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ಮಂಡ್ಯ ಜಿಲ್ಲೆಯ ತೂಬಿನಕೆರೆ ಕಡೆಯ ಕಾರ್ಖಾನೆಗಳಲ್ಲಿ ಪರ್ಚೇಸ್, ಸ್ಟೋರ್ಸ್, ಕ್ಯೂಎ (ಗುಣಮಟ್ಟ) ನೋಡಿಕೊಳ್ಳುವವರಿಗೆ ಈ ಗೊಂದಲ ಬಿಡಿಸಲು ಹೇಗ್ ನಗರದ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ, ಅಂದರೆ ಒಪಿಸಿಡಬ್ಲ್ಯು, ಒಂದು ಆನ್‌ಲೈನ್ ಸೇವೆ ಇಟ್ಟಿದೆ: ಷೆಡ್ಯೂಲ್ಡ್ ಕೆಮಿಕಲ್ಸ್ ಡೇಟಾಬೇಸ್. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಹೇಗ್‌ನ ಪಟ್ಟಿ ನಂಜನಗೂಡಿಗೆ ಯಾಕೆ ಬೇಕು? ಭಾರತ 1993ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ 1996ರಲ್ಲಿ ಅನುಮೋದಿಸಿತು. ಒಪ್ಪಂದ 1997ರ ಏಪ್ರಿಲ್ 29ರಂದು ಜಾರಿಯಾಯಿತು. ಆದರೆ ಸಹಿ ಕಟ್ಟಿಹಾಕುವುದು ಸರ್ಕಾರವನ್ನು, ಕಾರ್ಖಾನೆಯನ್ನಲ್ಲ. ಕಾರ್ಖಾನೆಯವರೆಗೆ ಅದು ಬರಬೇಕಾದರೆ ಸಂಸತ್ತು ಕಾನೂನು ಮಾಡಬೇಕು, ಆ ಅಧಿಕಾರ ಸಂವಿಧಾನದ 253ನೇ ವಿಧಿಯಲ್ಲಿದೆ. ಬ್ರಿಟನ್ 1996ರಲ್ಲೂ ಅಮೆರಿಕ 1998ರಲ್ಲೂ ತಮ್ಮ ಕಾನೂನು ಮಾಡಿಕೊಂಡವು. ನಮ್ಮ ಕಾಯ್ದೆ ಬಂದದ್ದು 2000ದಲ್ಲಿ, ಜಾರಿಗೆ ಬಂದದ್ದು 2005ರ ಜುಲೈ 1ರಂದು. ಅಂದಿನಿಂದ ಈ ಪಟ್ಟಿ ನಿಮ್ಮ ಸ್ಟಾಕ್ ರಿಜಿಸ್ಟರಿನ ವಿಷಯವೂ ಹೌದು.

ಸೇವೆ ಚೆನ್ನಾಗಿದೆ, ಆದರೆ ಹುಡುಕುವ ಕ್ರಮ ಗೊತ್ತಿರಬೇಕು. ವ್ಯಾಪಾರದ ಹೆಸರು ಹಾಕಬೇಡಿ, ಪ್ರತಿ ರಾಸಾಯನಿಕಕ್ಕೂ ಬೇರೆಯಾಗಿರುವ ಗುರುತಿನ ಸಂಖ್ಯೆ, ಅಂದರೆ ಕ್ಯಾಸ್ ನಂಬರ್ ಹಾಕಿ. ಡ್ರಮ್ ಜೊತೆ ಬಂದ ಸುರಕ್ಷತಾ ಮಾಹಿತಿ ಪತ್ರದ, ಅಂದರೆ ಎಂಎಸ್‌ಡಿಎಸ್‌ನ, ಮೂರನೇ ವಿಭಾಗದಲ್ಲಿ ಅದು ಸಿಗುತ್ತದೆ. 102-71-6 ಟ್ರೈಎಥನೊಲಮೈನ್: ಷೆಡ್ಯೂಲ್ 3 (ಒಪ್ಪಂದದ ಮೂರು ಪಟ್ಟಿಗಳಲ್ಲಿ ಮೂರನೆಯದು), ಬಿ ಭಾಗದ 17ನೇ ನಮೂದು. 121-44-8 ಟ್ರೈಎಥಿಲಮೈನ್: ಪಟ್ಟಿಯಲ್ಲಿಲ್ಲ. ಒಂದೇ ಮನೆತನದಂತೆ ಕಾಣುವ ಡೈಎಥನೊಲಮೈನ್, 111-42-2, ಅದೂ ಪಟ್ಟಿಯಲ್ಲಿಲ್ಲ. ಸೋಪು, ಶಾಂಪೂ, ಕಟಿಂಗ್ ಆಯಿಲ್ ಮಾಡುವವರು ಈ ಮೂರು ನಂಬರನ್ನು ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ. ಮಾರುಕಟ್ಟೆಯಲ್ಲಿ ಸಿಗುವ 85% ದರ್ಜೆಯ ಟ್ರೈಎಥನೊಲಮೈನ್ ಕೂಡ ಲೆಕ್ಕಕ್ಕೆ ಬರುತ್ತದೆ. ಷೆಡ್ಯೂಲ್ 3ರ ವಸ್ತು ಮಿಶ್ರಣದಲ್ಲಿ 30% ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಡಿಕ್ಲರೇಷನ್, ಅಂದರೆ ಸರ್ಕಾರಕ್ಕೆ ಒಪ್ಪಿಸುವ ಲೆಕ್ಕ, ಬೇಡ.

ದೊಡ್ಡ ಕೊರತೆ ಬೇರೆ ಕಡೆ ಇದೆ. ‘ಏನೂ ಸಿಗಲಿಲ್ಲ’ ಎಂದು ಬಂದರೆ ‘ಪಟ್ಟಿಯಲ್ಲಿಲ್ಲ’ ಎಂದು ತಿಳಿಯುವ ಹಾಗಿಲ್ಲ. ಷೆಡ್ಯೂಲ್‌ಗಳು ಬಿಡಿ ವಸ್ತುಗಳ ಜೊತೆಗೆ ಇಡೀ ಕುಟುಂಬಗಳನ್ನೂ ಹೆಸರಿಸುತ್ತವೆ. ಷೆಡ್ಯೂಲ್ 2ರ ಬಿ ಭಾಗದ 4ನೇ ನಮೂದು ರಂಜಕದ ಪರಮಾಣುವಿಗೆ ಒಂದು ಮೀಥೈಲ್, ಎಥೈಲ್ ಅಥವಾ ಪ್ರೊಪೈಲ್ ಗುಂಪು ಅಂಟಿಕೊಂಡು, ಬೇರೆ ಇಂಗಾಲ ನೇರವಾಗಿ ಅಂಟಿಕೊಳ್ಳದ ಬಹುತೇಕ ಎಲ್ಲ ವಸ್ತುಗಳನ್ನೂ ಹಿಡಿಯುತ್ತದೆ. ಬೆಂಕಿ ತಡೆಯಲು ಫೋಮ್‌ಗೆ ಹಾಕುವ ಡಿಎಂಎಂಪಿ (ಡೈಮೀಥೈಲ್ ಮೀಥೈಲ್‌ಫಾಸ್ಫೊನೇಟ್) ಇದೇ ಗುಂಪಿನದು. ಇಂಥ ಅಣುಗಳು ಲೆಕ್ಕವಿಲ್ಲದಷ್ಟು, ಎಲ್ಲವೂ ಯಾವ ಡೇಟಾಬೇಸ್‌ನಲ್ಲೂ ಇರಲಾರವು. ಫಲಿತಾಂಶ ಖಾಲಿ ಬಂದರೆ ರಚನಾಚಿತ್ರ ಮುಂದಿಟ್ಟುಕೊಂಡು ಷೆಡ್ಯೂಲಿನ ಮೂಲ ಪಠ್ಯ ಓದಲೇಬೇಕು. ಇದು ಸ್ಟೋರ್ ಕೀಪರ್ ಕೆಲಸವಲ್ಲ, ಕೆಮಿಸ್ಟ್ ಕೂರಬೇಕು.

ಔಷಧ ತಯಾರಕರು ಇದೇ ಷೆಡ್ಯೂಲ್ 2ರ ಬಿ ಭಾಗದ 10ನೇ ನಮೂದನ್ನು ವಿಶೇಷವಾಗಿ ನೋಡಬೇಕು. ಡೈಮೀಥೈಲ್‌ಅಮಿನೊಎಥೈಲ್ ಕ್ಲೋರೈಡ್‌ನ ಹೈಡ್ರೋಕ್ಲೋರೈಡ್ ಲವಣ, 4584-46-7, ಔಷಧ ತಯಾರಿಕೆಯಲ್ಲಿ ಮಾಮೂಲಿ ಇಂಟರ್‌ಮೀಡಿಯೆಟ್. ನಮೂದು ಲವಣಗಳನ್ನೂ ಸೇರಿಸಿಯೇ ಹೇಳುತ್ತದೆ, ಹಾಗಾಗಿ ಇದು ಷೆಡ್ಯೂಲ್ 2. ಅದರ ಸೋದರನಂತಿರುವ ಡೈಮೀಥೈಲ್‌ಅಮಿನೊಎಥನಾಲ್‌ಗಾದರೋ 11ನೇ ನಮೂದಿನಲ್ಲೇ ವಿನಾಯಿತಿ ಇದೆ. ಕ್ಲೋರೈಡ್ ಒಳಗೆ, ಆಲ್ಕೊಹಾಲ್ ಹೊರಗೆ.

ಪ್ರಮಾಣದ ಮಾತನ್ನು ಈ ಸೇವೆ ಆಡುವುದಿಲ್ಲ, ಆದರೆ ಕಾನೂನು ನಿಂತಿರುವುದೇ ಅದರ ಮೇಲೆ. ಷೆಡ್ಯೂಲ್ 2ರ ಬಿ ಭಾಗದಲ್ಲಿ ವರ್ಷಕ್ಕೆ 1 ಟನ್ ದಾಟಿದರೆ ತಯಾರಿಕೆ, ಸಂಸ್ಕರಣೆ, ಬಳಕೆ ಮೂರನ್ನೂ ಡಿಕ್ಲೇರ್ ಮಾಡಬೇಕು. ಬ್ಯಾಚಿಗೆ 90 ಕಿಲೋ, ತಿಂಗಳಿಗೊಂದು ಬ್ಯಾಚ್ ಎಂದರೆ ವರ್ಷಕ್ಕೆ 1,080 ಕಿಲೋ. ಸದ್ದಿಲ್ಲದೆ ಗೆರೆ ದಾಟಿರುತ್ತದೆ. ಹಿಂದಿನ ಮೂರು ವರ್ಷಗಳಲ್ಲಿ ಒಮ್ಮೆ ದಾಟಿದ್ದರೂ ಸಾಕು. ಷೆಡ್ಯೂಲ್ 3ರಲ್ಲಿ ಕಾರ್ಖಾನೆಗೆ ಅನ್ವಯಿಸುವುದು 30 ಟನ್ ಮೀರಿದ ತಯಾರಿಕೆ. ಆಮದು ರಫ್ತಿನ ಲೆಕ್ಕ ಬೇರೆ ಹೋಗುತ್ತದೆ. ಥಿಯೊನಿಲ್ ಕ್ಲೋರೈಡನ್ನು ಇಲ್ಲೇ ಕೊಂಡು ರಿಯಾಕ್ಟರಿಗೆ ಹಾಕುವವರು ಈ ಪಟ್ಟಿಯಲ್ಲಿ ಹೆಸರು ಕಂಡ ಕೂಡಲೇ ಗಾಬರಿ ಬೀಳಬೇಕಿಲ್ಲ, ಒಪ್ಪಂದ ಅದರ ಬಳಕೆಯ ಲೆಕ್ಕ ಕೇಳುವುದಿಲ್ಲ. ಹೊರದೇಶಕ್ಕೆ ಕಳಿಸುವುದಾದರೆ ಮಾತ್ರ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ರಫ್ತು ನಿಯಂತ್ರಣ ಪಟ್ಟಿಯಾದ ಸ್ಕೊಮೆಟ್‌ನ ಒಂದನೇ ವರ್ಗವನ್ನು ಬೇರೆಯಾಗಿ ನೋಡಬೇಕು.

ಲೆಕ್ಕ ಹೆಚ್ಚಾಗಿ ತಪ್ಪುವುದು ವರ್ಷದಲ್ಲಿ. ನಮ್ಮ ಖಾತೆಗಳೆಲ್ಲ ಏಪ್ರಿಲ್‌ನಿಂದ ಮಾರ್ಚ್, ಡಿಕ್ಲರೇಷನ್ ಜನವರಿಯಿಂದ ಡಿಸೆಂಬರ್. ಸಾಫ್ಟ್‌ವೇರಿನಿಂದ ಆರ್ಥಿಕ ವರ್ಷದ ರಿಪೋರ್ಟ್ ತೆಗೆದು ಹಾಗೆಯೇ ತುಂಬಿದರೆ ಅಂಕಿ ಹೊಂದುವುದಿಲ್ಲ. ದೇಶದ ಲೆಕ್ಕ ಮಾರ್ಚ್ 31ರೊಳಗೆ ಹೇಗ್ ತಲುಪಬೇಕು, ಕಾರ್ಖಾನೆಯಿಂದ ಅದಕ್ಕಿಂತ ಬಹಳ ಮೊದಲೇ ಹೋಗಿರಬೇಕು.

ಮಂಡ್ಯದ ಸಕ್ಕರೆಯವರು ಕೇಳಬಹುದು: ಪಟ್ಟಿಯಲ್ಲಿಲ್ಲದ ಸಾವಯವ ರಾಸಾಯನಿಕಕ್ಕೂ 200 ಟನ್ನಿನ ಮಿತಿ ಇದೆಯಲ್ಲ, ನಾವು? ಆ ಮಿತಿ ಸಂಶ್ಲೇಷಣೆಯಿಂದ ತಯಾರಾದ ವಸ್ತುವಿಗೆ. ಕಬ್ಬಿನ ಹಾಲಿನಿಂದ ಸಕ್ಕರೆಯನ್ನು ಬೇರ್ಪಡಿಸುತ್ತೇವೆ, ಸಂಶ್ಲೇಷಿಸುವುದಿಲ್ಲ. ಈ ವಿವರಣೆಯೂ ಡೇಟಾಬೇಸ್‌ನಲ್ಲಿ ಸಿಗುವುದಿಲ್ಲ.

ಕನ್ನಡದಲ್ಲಿಲ್ಲ ಎಂಬುದು ನಿಜವಾದ ನಷ್ಟ, ಡ್ರಮ್ ಇಳಿಸಿಕೊಳ್ಳುವವರು ಓದುವುದು ಕನ್ನಡ. ಆದರೂ ಐದಕ್ಕೆ ನಾಲ್ಕು ಅಂಕ ಕೊಡಬಹುದು. 2020ರ ಜೂನ್‌ನಲ್ಲಿ ಷೆಡ್ಯೂಲ್ 1ಕ್ಕೆ ಹೊಸ ನಮೂದುಗಳು ಸೇರಿದವು, ಅದಕ್ಕೂ ಹಿಂದೆ ಅಚ್ಚಾದ ಪಟ್ಟಿಯಲ್ಲಿ ಅವು ಇರುವುದಿಲ್ಲ. ಹುಡುಕಿದ ಪುಟವನ್ನು ಪ್ರಿಂಟ್ ತೆಗೆದು, ತಾರೀಖು ಬರೆದು, ಆ ವಸ್ತುವಿನ ಎಂಎಸ್‌ಡಿಎಸ್ ಫೈಲಿನಲ್ಲೇ ಇಡಿ. ಷೆಡ್ಯೂಲ್ 2ರ ಘಟಕಕ್ಕೆ ಅಂತರರಾಷ್ಟ್ರೀಯ ತಪಾಸಣಾ ತಂಡ ಬರುವ ಮೊದಲು ಸಿಗುವ ಸೂಚನೆ ಕನಿಷ್ಠ 48 ಗಂಟೆಯದು ಮಾತ್ರ.