ಸೋಟೋ ವಿಂಡ್‌ಮಾಸ್ಟರ್ ಗ್ಯಾಸ್ ಸ್ಟವ್: ಕೆಲವು ವರ್ಷ ಹೊತ್ತು ತಿರುಗಿದ ಮೇಲೆ ಬರೆದ ವಿಮರ್ಶೆ

ಚಾರಣಕ್ಕೆ ಹಗುರವಾದ ಗ್ಯಾಸ್ ಸ್ಟವ್ ಕೊಳ್ಳಲು ಹೊರಟವರು ಮೊದಲು ನೋಡುವುದು ಅದರ ತೂಕವನ್ನು. ಅದನ್ನು ಕೊನೆಗೆ ನೋಡಿ ಎನ್ನುತ್ತೇನೆ ನಾನು. ಗ್ಯಾಸ್ ತುಂಬಿದ ಡಬ್ಬಿಯ (ಕ್ಯಾನಿಸ್ಟರ್) ತಲೆಯ ಮೇಲೆ ತಿರುಗಿಸಿ ಕೂರಿಸುವ ಈ ಪುಟ್ಟ ಒಲೆಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಸಾಮಾನ್ಯವಾಗಿ ಹತ್ತಿಪ್ಪತ್ತು ಗ್ರಾಂ, ಹೆಚ್ಚೆಂದರೆ ಐವತ್ತು ಅರವತ್ತು. ಆದರೆ ಗಾಳಿ ಎದ್ದಾಗ ಅವು ಕುಡಿಯುವ ಗ್ಯಾಸಿನಲ್ಲಿ ಆಗುವ ಅಂತರ ಇದನ್ನು ಒಂದೇ ಪ್ರವಾಸದಲ್ಲಿ ನುಂಗಿಹಾಕುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 335 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಗ್ಯಾಸ್ ಉರಿದರೆ ಸಿಗುವುದು ಸುಮಾರು 45 ಕಿಲೋಜೂಲ್. ಒಂದಿಷ್ಟೂ ಪೋಲಾಗದಿದ್ದರೆ ಏಳೂವರೆ ಗ್ರಾಂ ಸಾಕು. ನಿಜದಲ್ಲಿ ಅರ್ಧ ಶಾಖ ಪಾತ್ರೆಯ ಪಕ್ಕದಿಂದ ಹಾರಿಹೋಗುವುದರಿಂದ ಗಾಳಿಯಿಲ್ಲದ ಕಡೆಯಲ್ಲೂ 14-15 ಗ್ರಾಂ ಖರ್ಚಾಗುತ್ತದೆ. ದಿನಕ್ಕೆ ಎರಡು ಲೀಟರ್ ಕಾಯಿಸುವ ಇಬ್ಬರಿಗೆ ಮೂರು ದಿನಕ್ಕೆ ಬೇಕಾದದ್ದು 90 ಗ್ರಾಂ, ಅಂದರೆ 100 ಗ್ರಾಮಿನ ಸಣ್ಣ ಕ್ಯಾನಿಸ್ಟರ್ ಒಂದು. ಗಾಳಿಗೆ ಉರಿ ಓಲಾಡುತ್ತಾ ಖರ್ಚು ಇಮ್ಮಡಿಯಾದರೆ 180 ಗ್ರಾಂ ಬೇಕಾಗುತ್ತದೆ, ಇನ್ನೊಂದು ಡಬ್ಬಿ ಹೊರಬೇಕು. ಆ ಡಬ್ಬಿಯ ಉಕ್ಕಿನ ತೂಕವೇ ಸುಮಾರು 100 ಗ್ರಾಂ. ಒಲೆಯಲ್ಲಿ ಉಳಿಸಿದ ಐವತ್ತು ಗ್ರಾಂ ಎಲ್ಲಿ ಹೋಯಿತು?

ವಿಂಡ್‌ಮಾಸ್ಟರನ್ನು ನಾನು ಆರಿಸಿದ್ದೂ, ಇಷ್ಟು ವರ್ಷ ಬದಲಿಸದೆ ಇಟ್ಟುಕೊಂಡದ್ದೂ ಈ ಒಂದೇ ಕಾರಣಕ್ಕೆ. ಇದರ ಬರ್ನರ್ ತಲೆ ಉಬ್ಬಿಲ್ಲ, ಒಳಕ್ಕೆ ತಗ್ಗಾಗಿದೆ, ಸುತ್ತ ತಟ್ಟೆಗಿರುವಂತೆ ಎತ್ತರಿಸಿದ ಅಂಚಿದೆ. ಉರಿ ಹುಟ್ಟುವುದು ಆ ಅಂಚಿನ ಮರೆಯಲ್ಲಿ. ಜೊತೆಗೆ ಪಾತ್ರೆ ಕೂರುವ ತೋಳುಗಳು ಗಿಡ್ಡವಾಗಿರುವುದರಿಂದ ಬರ್ನರಿಗೂ ಪಾತ್ರೆಯ ತಳಕ್ಕೂ ನಡುವೆ ಗಾಳಿ ನುಗ್ಗಲು ಹೆಚ್ಚು ಜಾಗವಿಲ್ಲ. ಮರವಿಲ್ಲದ ಬೋಳು ದಿಣ್ಣೆಯ ಮೇಲೆ, ಬೆನ್ನುಚೀಲವನ್ನು ಅಡ್ಡ ಇಟ್ಟು ಕುಳಿತಾಗಲೂ ಗಾಳಿ ಸುತ್ತಿ ಸುತ್ತಿ ಬರುವ ಸಂಜೆಗಳಲ್ಲಿ ಈ ವಿನ್ಯಾಸದ ಬೆಲೆ ನನಗೆ ಗೊತ್ತಾಗಿದೆ. ಉರಿ ಬಾಗುತ್ತದೆ, ಸದ್ದು ಬದಲಾಗುತ್ತದೆ, ಆದರೆ ನೀರು ಕುದಿಯುತ್ತದೆ. ಬಿರುಗಾಳಿಯನ್ನೂ ತಡೆದೀತು ಎಂದು ಭಾವಿಸಬೇಡಿ. ಗಾಳಿ ತುಸು ಜೋರಾದರೆ ಯಾವ ಒಲೆಗಾದರೂ ಬಂಡೆಯ ಮರೆಯೇ ಬೇಕು.

ಗಾಳಿಯ ಮಾತು ಬಂದಾಗ ಇದನ್ನು ಒತ್ತಿ ಹೇಳಲೇಬೇಕು. ಕ್ಯಾನಿಸ್ಟರ್ ಮೇಲೆ ಕೂರುವ ಯಾವ ಸ್ಟವ್‌ಗೂ ಸುತ್ತಲೂ ಮುಚ್ಚುವ ತಗಡಿನ ಮರೆ ಕಟ್ಟಬೇಡಿ. ಶಾಖ ಒಳಗೇ ಉಳಿದು ಡಬ್ಬಿ ಕಾಯುತ್ತದೆ, ಒಳಗಿನ ಒತ್ತಡ ಏರುತ್ತದೆ, ಡಬ್ಬಿ ಸಿಡಿಯಬಹುದು. ಗಾಳಿ ಬರುವ ಕಡೆ ಮಾತ್ರ, ಒಂದಿಷ್ಟು ದೂರದಲ್ಲಿ ಮರೆ ಇಟ್ಟು ಉಳಿದ ಕಡೆ ತೆರೆದಿಡಿ. ನಡುನಡುವೆ ಡಬ್ಬಿಯನ್ನು ಕೈಯಿಂದ ಮುಟ್ಟಿ ನೋಡುವುದು ನನ್ನ ರೂಢಿ. ಸಾಮಾನ್ಯವಾಗಿ ಅದು ತಣ್ಣಗಿರಬೇಕು. ಬಿಸಿ ತಾಗಿದರೆ ತಕ್ಷಣ ಆರಿಸಿ. ಟೆಂಟ್ ಮುಚ್ಚಿಕೊಂಡು ಒಳಗೆ ಹಚ್ಚುವುದಂತೂ ಬೇಡವೇ ಬೇಡ. ಬೆಂಕಿಯ ಭಯ ಒಂದು ಕಡೆಯಾದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅದಕ್ಕಿಂತ ಕೆಟ್ಟದ್ದು.

ಇನ್ನು ಚಳಿ. ಈ ಸ್ಟವ್‌ನಲ್ಲಿ ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಇದೆ. ರೆಗ್ಯುಲೇಟರ್ ಇದ್ದರೆ ಎಂಥ ಚಳಿಯಲ್ಲೂ ಉರಿಯುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಅರ್ಧ ಸತ್ಯ. ಡಬ್ಬಿಯೊಳಗೆ ಇಲ್ಲದ ಒತ್ತಡವನ್ನು ರೆಗ್ಯುಲೇಟರ್ ಎಲ್ಲಿಂದ ತಂದೀತು? ಒತ್ತಡ ಹೆಚ್ಚಿದ್ದಾಗ ತಗ್ಗಿಸಿ, ಡಬ್ಬಿ ತಣ್ಣಗಾಗುತ್ತಾ ಹೋದರೂ ಉರಿಯನ್ನು ಸಾಕಷ್ಟು ಹೊತ್ತು ಒಂದೇ ಸಮ ಇಡುವುದು ಅದರ ಕೆಲಸ. ಅದನ್ನು ಚೆನ್ನಾಗಿ ಮಾಡುತ್ತದೆ. ಸಣ್ಣ ಉರಿಗೆ ಇಟ್ಟು ಬಿಟ್ಟರೆ ಪದೇ ಪದೇ ಕೈ ಹಾಕಿ ತಿರುಗಿಸಬೇಕಿಲ್ಲ.

ಚಳಿಯಲ್ಲಿ ನಿಜಕ್ಕೂ ಕೆಲಸ ಮಾಡುವುದು ಡಬ್ಬಿಯೊಳಗಿನ ಮಿಶ್ರಣ. ಸಾಮಾನ್ಯ ಬ್ಯುಟೇನ್ ಮೈನಸ್ 0.5 ಡಿಗ್ರಿಯಲ್ಲಿ ಕುದಿಯುತ್ತದೆ. ಅದಕ್ಕಿಂತ ತಣ್ಣಗಾದರೆ ದ್ರವವಾಗಿಯೇ ತಳದಲ್ಲಿ ಕೂರುತ್ತದೆ, ಮೇಲಕ್ಕೆ ಗ್ಯಾಸ್ ಏಳುವುದಿಲ್ಲ. ಐಸೋಬ್ಯುಟೇನ್ ಕುದಿಯುವುದು ಮೈನಸ್ 11.7ರಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ. ಆದ್ದರಿಂದ ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ಐಸೋಬ್ಯುಟೇನ್ ಮತ್ತು ಪ್ರೊಪೇನ್ ಮಿಶ್ರಣವನ್ನೇ ಕೊಳ್ಳಿ. ಅದರಲ್ಲೂ ಪ್ರೊಪೇನ್ ಬೇಗ ಬೇಗ ಖಾಲಿಯಾಗುವುದರಿಂದ ಅರ್ಧ ಮುಗಿದ ಡಬ್ಬಿ ಹೊಸ ಡಬ್ಬಿಯಷ್ಟು ಚಳಿ ತಾಳುವುದಿಲ್ಲ. ಉರಿಯುವಾಗ ಗ್ಯಾಸ್ ಆವಿಯಾಗುತ್ತಾ ಡಬ್ಬಿಯ ಶಾಖವನ್ನೇ ಹೀರಿಕೊಳ್ಳುತ್ತದೆ. ಬೆಳಗಿನ ಜಾವದಲ್ಲಿ ಡಬ್ಬಿಯ ಹೊರಮೈಗೆ ಹಿಮ ಕಟ್ಟುವುದು ಅದಕ್ಕೇ. ರಾತ್ರಿ ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ, ಬೆಳಿಗ್ಗೆ ಹೆಪ್ಪುಗಟ್ಟದ ನೀರಿರುವ ಅಗಲ ಬಟ್ಟಲಿನಲ್ಲಿ ನಿಲ್ಲಿಸಿ ಹಚ್ಚಿದರೆ ಉರಿಯಲ್ಲಿ ಆಗುವ ಬದಲಾವಣೆ ಕಣ್ಣಿಗೆ ಕಾಣುತ್ತದೆ. ತಣ್ಣೀರಾದರೂ ಸಾಕು, ಅದು ಆ ಡಬ್ಬಿಗಿಂತ ಬೆಚ್ಚಗಿರುತ್ತದೆ.

ಪಾತ್ರೆ ಕೂರಿಸುವ ತೋಳುಗಳು ಇದರಲ್ಲಿ ಬಿಡಿ ಭಾಗ. ನಾಲ್ಕು ತೋಳಿನದನ್ನು ನಾನು ಬಳಸುತ್ತೇನೆ, ಒಂದೂವರೆ ಲೀಟರಿನ ಪಾತ್ರೆಯೂ ಅಲುಗಾಡದೆ ನಿಲ್ಲುತ್ತದೆ. ಎಲ್ಲ ಸೇರಿ ತೂಕ 90 ಗ್ರಾಂ ದಾಟುವುದಿಲ್ಲ. ಮೂರು ತೋಳಿನ ಚಿಕ್ಕದಾದರೆ ಇನ್ನಷ್ಟು ಹಗುರ, ಒಬ್ಬರೇ ಸಣ್ಣ ಮಗ್ಗಿನಲ್ಲಿ ನೀರು ಕಾಯಿಸುವುದಾದರೆ ಅದೇ ಸಾಕು. ಬಿಡಿ ಭಾಗ ಎಂದ ಮೇಲೆ ಕಳೆದುಹೋಗುವ ಸಾಧ್ಯತೆ ಇದ್ದೇ ಇದೆ, ಅದಿಲ್ಲದೆ ಒಲೆಯ ಮೇಲೆ ಏನನ್ನೂ ಇಡಲಾಗುವುದಿಲ್ಲ. ಸ್ಟವ್ ಜೊತೆ ಅದೇ ಚೀಲದಲ್ಲಿ, ಪಾತ್ರೆಯ ಒಳಗೇ ಇಡುತ್ತೇನೆ.

ಬರ್ನರ್ ಅಗಲವಾಗಿರುವುದರ ಇನ್ನೊಂದು ಲಾಭವನ್ನು ಕೊಳ್ಳುವಾಗ ನಾನು ನಿರೀಕ್ಷಿಸಿರಲಿಲ್ಲ. ಟೈಟಾನಿಯಂ ಪಾತ್ರೆ ಶಾಖವನ್ನು ಬದಿಗೆ ಹರಡುವುದಿಲ್ಲ, ಉರಿ ಬಿದ್ದ ಜಾಗವೇ ಸುಡುತ್ತದೆ. ಕಿರಿದಾದ ಉರಿಯಲ್ಲಿ ಗಟ್ಟಿ ಪದಾರ್ಥ ಏನಿಟ್ಟರೂ ನಡುವೆ ತಳ ಹಿಡಿಯುತ್ತದೆ. ಇದರಲ್ಲಿ ಉರಿ ಸ್ವಲ್ಪ ಹರಡುತ್ತದೆ, ಕಡಿಮೆ ಮಾಡಿದರೆ ನಿಜವಾಗಿ ಕಡಿಮೆಯಾಗುತ್ತದೆ. ಕಲಕುತ್ತಲೇ ಇರಬೇಕೆಂಬುದು ನಿಜ, ಆದರೂ ಬೇಯಿಸಬಹುದು.

ಒತ್ತಿದರೆ ಕಿಡಿ ಹಾರುವ ಪಿಯೆಝೋ ಗುಂಡಿ ಇದೆ. ಯಾವ ಕಂಪನಿಯ ಒಲೆಯಾದರೂ ತೇವದಲ್ಲಿ ಮತ್ತು ಎತ್ತರದಲ್ಲಿ ಪಿಯೆಝೋ ನಂಬಿ ಹೋಗಬಾರದು. ಲೈಟರ್ ಒಂದು, ಒದ್ದೆಯಾಗದಂತೆ ಸುತ್ತಿಟ್ಟ ಬೆಂಕಿಪೊಟ್ಟಣ ಒಂದು ಜೊತೆಗಿರಲಿ.

ಬೇರೆಯವನ್ನೂ ಹೇಳಬೇಕಲ್ಲ. ಎಂಎಸ್‌ಆರ್ ಪಾಕೆಟ್‌ರಾಕೆಟ್ 2 ತೂಗುವುದು 73 ಗ್ರಾಂ, ಗಟ್ಟಿಮುಟ್ಟು, ಬಿಡಿ ಭಾಗಗಳಿಲ್ಲ. ಹೆಚ್ಚಾಗಿ ಕಾಡಿನ ಮರೆಯಲ್ಲೇ ತಂಗುವವರಿಗೆ ಅದು ಸಾಕು. ಅದೇ ಕಂಪನಿಯ ಡೀಲಕ್ಸ್ 83 ಗ್ರಾಂ. ಅದರಲ್ಲಿ ರೆಗ್ಯುಲೇಟರ್, ಪಿಯೆಝೋ ಎರಡೂ ಇವೆ. ನನಗೆ ವಿಂಡ್‌ಮಾಸ್ಟರ್ ಸಿಗದಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ಬರೀ ನೀರು ಕುದಿಸುವವರಿಗೆ ಜೆಟ್‌ಬಾಯಿಲ್ ಫ್ಲ್ಯಾಶ್‌ನಂಥ, ಪಾತ್ರೆಯೂ ಒಲೆಯೂ ಕೂಡಿಕೊಂಡಿರುವ ಸೆಟ್ ಚೆನ್ನ. ತೂಕ 371 ಗ್ರಾಂ ಎಂದು ಹೆದರಬೇಡಿ, ಅದರಲ್ಲಿ ಪಾತ್ರೆಯ ತೂಕವೂ ಸೇರಿದೆ, ಗ್ಯಾಸ್ ಉಳಿತಾಯವೂ ಇದೆ. ಆದರೆ ಅದರಲ್ಲಿ ಅಡುಗೆ ಮಾಡುವುದು ಕಷ್ಟ. 25 ಗ್ರಾಮಿನ ಒಲೆಗಳೂ ಸಿಗುತ್ತವೆ. ತೆಳ್ಳನೆ ತೋಳು, ಕಿರಿದಾದ ಉರಿ, ಗಾಳಿಗೆ ಮರೆಯೇ ಇಲ್ಲದ ಬರ್ನರ್. ಒಂಟಿಯಾಗಿ, ಸಣ್ಣ ಪಾತ್ರೆಯೊಂದಿಗೆ, ಗಾಳಿಯಿಲ್ಲದ ಕಡೆ ಹೋಗುವವರಿಗೆ ಅಡ್ಡಿಯಿಲ್ಲ; ಗುಂಪಿಗೆ ಅಡುಗೆ ಮಾಡಲು ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ನಿರ್ವಹಣೆ ಎನ್ನುವಷ್ಟು ಕೆಲಸವೇನಿಲ್ಲ. ಡಬ್ಬಿಗೆ ತಿರುಗಿಸುವ ಕಡೆ ಇರುವ ರಬ್ಬರ್ ಉಂಗುರವನ್ನು ಪ್ರತಿ ಸಲ ನೋಡಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ತಿರುಪು ನೇರವಾಗಿ ಕೂತಿದೆಯೇ ಎಂದು ಖಚಿತಪಡಿಸಿಕೊಂಡು ಕೈಯಲ್ಲಷ್ಟೇ ಬಿಗಿ ಮಾಡಿ, ಸಂಶಯವಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ಅಲ್ಲಾಡಿಸಿ ಊಹಿಸುವ ಬದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಹೊಸದಿದ್ದಾಗಿನ ತೂಕವನ್ನು ಮಾರ್ಕರಿನಲ್ಲಿ ಅದರ ಮೇಲೇ ಬರೆದಿಡಿ. ವಿಮಾನದಲ್ಲಿ ಗ್ಯಾಸ್ ಡಬ್ಬಿಗೆ ಯಾವ ಬ್ಯಾಗಿನಲ್ಲೂ ಜಾಗವಿಲ್ಲ, ಇಳಿದ ಊರಿನಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಹಿಮದ ಮೇಲೆ ದಿನಗಟ್ಟಲೆ ಇರುವವರಿಗೆ ಮಾತ್ರ ಈ ಸ್ಟವ್ ಬೇಡ. ಅವರು ಕೊಳವೆಯಿಂದ ಡಬ್ಬಿಯನ್ನು ದೂರ ಇಡುವ, ಡಬ್ಬಿಯನ್ನು ತಲೆಕೆಳಗಾಗಿಸಿ ದ್ರವವನ್ನೇ ಬಿಸಿ ಕೊಳವೆಯೊಳಗೆ ಹರಿಸಿ ಉರಿಸುವ ಮಾದರಿಯನ್ನು ನೋಡಲಿ. ಅದು ಭಾರ, ಆದರೆ ಅಲ್ಲಿಗೆ ಅದೇ ಸರಿ.