ಸಿಂಗಾಪುರವೋ, ಅಬುಧಾಬಿಯೋ? ಬಳ್ಳಾರಿಯಿಂದ ರೇಸ್ ನೋಡಲು ಹೊರಟವರಿಗೆ

ಮಿರ್ಚಿ ಮಂಡಕ್ಕಿ ತಿನ್ನುತ್ತಾ ವರ್ಷಗಟ್ಟಲೆ ಟಿವಿಯಲ್ಲೇ ಫಾರ್ಮುಲಾ ಒನ್ ನೋಡಿದ್ದೀರಿ. ಒಮ್ಮೆ ಕಣ್ಣಾರೆ ನೋಡಬೇಕು, ಅಲ್ವಾ? ನಮ್ಮ ದೇಶದಲ್ಲಿ ನಡೆದದ್ದು 2011ರಿಂದ 2013ರವರೆಗೆ ಮಾತ್ರ, ಹಾಗಾಗಿ ಪಾಸ್‌ಪೋರ್ಟ್ ಬೇಕೇ ಬೇಕು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಸೇರುವ ತನಕ ಎರಡಕ್ಕೂ ದಾರಿ ಒಂದೇ.

ಸಿಂಗಾಪುರದ್ದು ರಾತ್ರಿ ರೇಸ್. 2008ರಲ್ಲಿ ಫಾರ್ಮುಲಾ ಒನ್ನಿನ ಮೊದಲ ರಾತ್ರಿ ರೇಸ್ ನಡೆದದ್ದೂ ಇಲ್ಲೇ. ಊರಿನ ಬೀದಿಗಳೇ ಟ್ರ್ಯಾಕು, 62 ಸುತ್ತು. ಗೋಡೆ ಪಕ್ಕದಲ್ಲೇ ಇರುವುದರಿಂದ ಕಾರು ನಿಮ್ಮ ಮೂಗಿನ ಮುಂದೆಯೇ ಹಾದಂತೆ. ಗೇರ್ ಇಳಿಸುವಾಗಿನ ಪಟಪಟ ಸದ್ದು ಎದೆಗೇ ಬಡಿಯುತ್ತದೆ. ಓಡಾಡಿಕೊಂಡು ನೋಡುವ ಟಿಕೆಟ್ ತಗೊಂಡರೆ ಖರ್ಚು ಕಡಿಮೆ, ಆದರೆ ಬೇಲಿ ಹತ್ತಿರ ಜಾಗ ಹಿಡಿಯಲು ಬೇಗ ಹೋಗಬೇಕು. ಮೆಟ್ರೋ ಹತ್ತಿ ಹೋಗಬಹುದು. ಸೆಕೆ ಮಾತ್ರ ಜಾಸ್ತಿ. ನಮ್ಮ ಬಿಸಿಲು ಒಣ ಬಿಸಿಲು, ಅಲ್ಲಿಯದು ಇಡ್ಲಿ ಪಾತ್ರೆಯ ಹಬೆ. ಸುಮ್ನೆ ನಿಂತರೂ ಅಂಗಿ ಒದ್ದೆ.

ಅಬುಧಾಬಿಯಲ್ಲಿ ಸಂಜೆ ಬೆಳಕಲ್ಲಿ ಶುರುವಾಗಿ ದೀಪದ ಬೆಳಕಲ್ಲಿ ಮುಗಿಯುತ್ತದೆ, 58 ಸುತ್ತು. ಡಿಸೆಂಬರ್ ಹವೆ ಹಿತ. ವರ್ಷದ ಕೊನೆಯ ರೇಸ್ ಆದ್ದರಿಂದ, ಅದೃಷ್ಟವಿದ್ದರೆ 2021ರಂತೆ ಕೊನೇ ಸುತ್ತಿನಲ್ಲಿ ಚಾಂಪಿಯನ್ ಯಾರೆಂದು ತೀರ್ಮಾನವಾದೀತು. ಆದರೆ ಹಲವು ಕಡೆ ಕಾರು ದೂರ.

ಅಪ್ಪ, ಮಕ್ಕಳು ಜೊತೆಗಿದ್ದರೆ ಅಬುಧಾಬಿ. ಒಬ್ಬರೇ ಹೊರಟಿದ್ದರೆ ನನ್ನ ಓಟು ಸಿಂಗಾಪುರಕ್ಕೆ. ಎಲ್ಲೇ ಹೋದರೂ ದೊಡ್ಡ ಪರದೆ ಕಾಣುವ ಜಾಗ ಹಿಡಿಯಿರಿ, ಕಾರು ಎದುರಿಗಿರುವುದು ಎರಡು ಮೂರು ಸೆಕೆಂಡಷ್ಟೇ.