ಶಿರಸಿಯಿಂದ ರಾತ್ರಿ ಬಸ್ಸು: ಮೇಡನ್, ಮೆಟಾಲಿಕಾ, ಸ್ಲೇಯರ್

2007ರ ಮಾರ್ಚ್ 17, ಶನಿವಾರ. ಇಂಗ್ಲೆಂಡಿನ ಹೆವಿ ಮೆಟಲ್ ರಾಕ್ ಬ್ಯಾಂಡ್ ಐರನ್ ಮೇಡನ್ ಕಾನ್ಸರ್ಟಿಗೆ ಬಂದು, ಬೆಂಗಳೂರಿನ ಅರಮನೆ ಮೈದಾನದ ಗೇಟಿನ ಹತ್ತಿರ ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ಹುಡುಗ ನನ್ನ ಕೈ ನೋಡಿ, 'ಏನ್ ಗುರು, ಪೇಂಟಿಂಗ್ ಕೆಲಸಾನಾ?' ಎಂದು ಕೇಳಿದ. ಅಡಿಕೆ ಚೊಗರು ಅದು. ಕೊಯ್ಲು ಮುಗಿದು ವಾರಗಳಾಗಿದ್ದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಹೇಳಿದೆ. ಅವನು ಕೋಲಾರದವನಂತೆ. ಐದು ನಿಮಿಷದಲ್ಲಿ ಇಬ್ಬರೂ ಐರನ್ ಮೇಡನ್‌ನ ಯಾವ ಆಲ್ಬಮ್ ಮೇಲು ಎಂದು ಜಗಳಕ್ಕೆ ಬಿದ್ದಿದ್ದೆವು.

ಆಮೇಲೆ 2011ರಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ನೋಡಿದೆ. 2012ರಲ್ಲಿ ಸ್ಲೇಯರ್. ಮೂರೂ ಬೆಂಗಳೂರಲ್ಲೇ. 2025ರಲ್ಲಿ ಮುಂಬೈಗೆ ಹೋಗಿ ಗನ್ಸ್ ಎನ್ ರೋಸಸ್ ಕೇಳಿ ಬಂದೆ. ಶಿರಸಿ, ಯಲ್ಲಾಪುರ, ಕುಮಟಾ ಕಡೆ ಮೆಟಲ್ ಕೇಳುವ ಹುಡುಗರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಯಾವುದು ಬೆಸ್ಟ್? ಒಂದು ಮಾತಿನಲ್ಲಿ ಹೇಳಿದರೆ ಅವರಿಗೆ ಸಮಾಧಾನ ಆಗುವುದಿಲ್ಲ. ನನಗೂ ಆಗುವುದಿಲ್ಲ. ಅದಕ್ಕೇ ಇಲ್ಲಿ ಒಂದರ ಪಕ್ಕ ಒಂದನ್ನು ಇಟ್ಟು ನೋಡುತ್ತಿದ್ದೇನೆ.

ನನ್ನ ಅಳತೆಗೋಲು ಯಾವುದು ಅಂತ ಮೊದಲೇ ಹೇಳಬೇಕು. ನಾನು ಆಟ, ಅಂದರೆ ಯಕ್ಷಗಾನ, ನೋಡಿ ಬೆಳೆದವನು. ಗದ್ದೆ ಬಯಲಿನಲ್ಲಿ ಕಂಬಳಿ ಹೊದ್ದು ಕೂತು, ಬೆಳಗಿನ ಜಾವದ ಯುದ್ಧದ ಪ್ರಸಂಗಕ್ಕೆ ಚಂಡೆ ಏರುವಾಗ ನಿದ್ದೆ ಹಾರಿ ಎದ್ದವನು. ಹೈಸ್ಕೂಲಿನಲ್ಲಿದ್ದಾಗ ಹುಬ್ಬಳ್ಳಿಯ ಹಾಸ್ಟೆಲ್‌ನಿಂದ ಬಂದ ದೊಡ್ಡಪ್ಪನ ಮಗ ಒಂದು ಕ್ಯಾಸೆಟ್ ಹಾಕಿದ. ಮೇಡನ್. ಸ್ಟೀವ್ ಹ್ಯಾರಿಸ್‌ನ ಬೇಸ್ ಗಿಟಾರ್ ಕುದುರೆ ಓಡಿದ ಹಾಗೆ ಓಡುತ್ತಿತ್ತು. ನನಗೆ ಅದು ಪರದೇಶದ್ದು ಅನ್ನಿಸಲೇ ಇಲ್ಲ. ತ್ವರಿತ ತ್ರಿವುಡೆ ತಾಳಕ್ಕೆ ವೇಷ ರಂಗಕ್ಕೆ ನುಗ್ಗುವಾಗ ಎದೆಯಲ್ಲಿ ಆಗುವುದೇ ಆಗಲೂ ಆಯಿತು. ಹಾಗಾಗಿ ಯಾವ ಕಾನ್ಸರ್ಟಿಗೆ ಹೋದರೂ ನಾನು ನೋಡುವುದು ಎರಡು. ಸದ್ದು ಕೊನೆಯ ಸಾಲಿನವನಿಗೂ ಮುಟ್ಟಿತಾ? ರಂಗದ ಮೇಲಿನವರೂ ಕೆಳಗಿನವರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡರಾ?

ಸದ್ದಿನ ಲೆಕ್ಕ ಹಿಡಿದರೆ ಮೆಟಾಲಿಕಾ ಗೆದ್ದಿತು. ಅದರಲ್ಲಿ ಎರಡು ಮಾತಿಲ್ಲ.

ಮೇಡನ್‌ಗೆ ಹೋದಾಗ ನನ್ನ ಹತ್ತಿರ ಇದ್ದದ್ದು ಕಡಿಮೆ ದುಡ್ಡಿನ ಟಿಕೆಟ್. ಬಹಳ ಹಿಂದೆ ನಿಂತಿದ್ದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಹಿಂದೆ ನಿಂತವನಿಗೆ ಹೆಚ್ಚುಕಡಿಮೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡ. ಪರದೆಯ ಮೇಲೆ ನಿಕೊ ಮೆಕ್‌ಬ್ರೇನ್‌ನ ಕೋಲು ಡ್ರಮ್ಮಿಗೆ ಬಿದ್ದಾಯಿತು, ಏಟು ಆಮೇಲೆ ಕೇಳುತ್ತಿತ್ತು. ಗದ್ದೆಯಾಚೆ ಹಳ್ಳದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ, ಕೈ ಮೇಲೆ ಹೋದಾಗ 'ಧಪ್' ಕೇಳುತ್ತದೆ. ಥೇಟ್ ಹಾಗೇ. ಗಾಳಿ ಬೀಸಿದಾಗ ಮೂರು ಗಿಟಾರುಗಳಲ್ಲಿ ಒಂದು ಎಲ್ಲೋ ಹಾರಿ ಹೋಗುತ್ತಿತ್ತು.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದಾಗ ಅದೇ ಮೈದಾನದಲ್ಲಿ ನಾನು ಜಾಗ ಬದಲಿಸಿದೆ. ಮಿಕ್ಸಿಂಗ್ ಮಾಡುವವರ ಮಂಟಪದ ಪಕ್ಕಕ್ಕೇ ಹೋಗಿ ನಿಂತೆ. ಸೌಂಡ್ ಇಂಜಿನಿಯರ್ ತನ್ನ ಕಿವಿಗೆ ಕೇಳಿದ್ದನ್ನೇ ಸರಿ ಮಾಡುತ್ತಾನೆ, ಹಾಗಾಗಿ ಅವನ ಪಕ್ಕ ನಿಂತವನಿಗೆ ಕೇಳುವುದೇ ಇದ್ದುದರಲ್ಲಿ ಸರಿಯಾದ ಸದ್ದು. ಹುಡುಗರೇ, ಇದನ್ನು ನೆನಪಿಡಿ. ರಂಗಕ್ಕೆ ಅಂಟಿಕೊಂಡು ನಿಂತರೆ ಹಾಡುವವನ ಬೆವರು ಕಾಣುತ್ತದೆ, ಹಾಡು ಕೇಳುವುದಿಲ್ಲ. ಮಂಟಪದ ಹತ್ತಿರ ಎರಡೂ ಅಷ್ಟಷ್ಟು ಸಿಗುತ್ತವೆ.

ಶುರುವಿಗೆ ಇಟಲಿಯ ಸಿನಿಮಾ ಸಂಗೀತಗಾರ ಎನ್ನಿಯೊ ಮೊರಿಕೋನೆಯ ಸಂಗೀತ ಹಾಕಿದರು. ದಶಕಗಳಿಂದ ಅವರ ಕಾರ್ಯಕ್ರಮ ಶುರುವಾಗುವುದೇ ಅದರಿಂದ. ಆಟದಲ್ಲಿ ಹಾಡುವ ಭಾಗವತರು ಗಣಪತಿ ಸ್ತುತಿ ಎತ್ತಿಕೊಂಡ ಹಾಗೆ ಇಡೀ ಮೈದಾನ ಒಂದು ಕ್ಷಣ ನೆಟ್ಟಗೆ ನಿಂತಿತು. ಆಮೇಲೆ 'ಕ್ರೀಪಿಂಗ್ ಡೆತ್'. ನಡುವೆ ಎಲ್ಲರೂ ಸೇರಿ 'ಡೈ, ಡೈ' ಎಂದು ಕೂಗುವ ಜಾಗ ಬರುತ್ತದೆ. ಪ್ಯಾಂಟಿನ ಜೇಬಿನಲ್ಲಿದ್ದ ಚಿಲ್ಲರೆ ಅದುರಿದ್ದು ನನ್ನ ತೊಡೆಗೆ ಗೊತ್ತಾಯಿತು. ಅಷ್ಟು ಚೊಕ್ಕ ಸದ್ದನ್ನು ಬಯಲಿನಲ್ಲಿ ನಾನು ಆ ಮೊದಲು ಕೇಳಿರಲಿಲ್ಲ. ಗಿಟಾರ್ ನುಡಿಸುತ್ತಾ ಹಾಡುವ ಹೆಟ್‌ಫೀಲ್ಡ್‌ನ ಬಲಗೈ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಿತು.

ಆದರೆ ಆ ರಾತ್ರಿ ಮೈದಾನದಲ್ಲಿ ಸಿಟ್ಟೂ ಇತ್ತು. ಎರಡು ದಿನ ಮೊದಲು, ಅಕ್ಟೋಬರ್ 28ಕ್ಕೆ, ಗುರುಗ್ರಾಮದಲ್ಲಿ ಆಗಬೇಕಿದ್ದ ಅವರ ಕಾರ್ಯಕ್ರಮ ರದ್ದಾಗಿತ್ತು. ಕಾದು ನಿಂತಿದ್ದ ಜನ ಅಲ್ಲಿ ರಂಗಕ್ಕೆ ನುಗ್ಗಿ ಸಾಮಾನು ಒಡೆದಿದ್ದರು. ಆ ಟಿಕೆಟ್ಟಿನವರು ಎಷ್ಟೋ ಜನ ಬೆಂಗಳೂರಿಗೆ ಬಂದಿದ್ದರು. ನನ್ನ ಪಕ್ಕದಲ್ಲೇ ಒಬ್ಬ ಇದ್ದ. ಮಡಿಚಿದ ಹಳೇ ಟಿಕೆಟ್ಟನ್ನು ಪರ್ಸಿನಿಂದ ತೆಗೆದು ತೋರಿಸಿದ. ಎರಡು ರಾತ್ರಿಯಿಂದ ಸರಿಯಾಗಿ ಮಲಗಿರಲಿಲ್ಲ. ನಿಧಾನದ ಹಾಡು 'ನಥಿಂಗ್ ಎಲ್ಸ್ ಮ್ಯಾಟರ್ಸ್' ಬಂದಾಗ ಅವನು ಹಾಡಲಿಲ್ಲ, ಸುಮ್ಮನೆ ನಿಂತು ಅತ್ತ. ಅದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಸುತ್ತಲಿನ ಉಳಿದವರು ಮಾತ್ರ ಬೇರೆ ಥರ ಇದ್ದರು. ತಳ್ಳಾಟ, ಬೈಗುಳ ಜಾಸ್ತಿ. ನೆಲವೆಲ್ಲ ಕೆಸರು. ಬಿದ್ದವನನ್ನು ಎತ್ತಲು ಯಾರೂ ಬಗ್ಗಲಿಲ್ಲ. ಕುಡಿಯುವ ನೀರಿಗೆ ಹೊರಗಿನ ನಾಲ್ಕು ಪಟ್ಟು ಬೆಲೆ ಕೇಳಿದರು, ಕೊಟ್ಟೆ. ಕಾಲಿನ ಚಪ್ಪಲಿ ಒಂದು ಅಲ್ಲೇ ಉಳಿಯಿತು.

ಇದರ ಪಕ್ಕ ಮೇಡನ್ ರಾತ್ರಿಯನ್ನು ಇಡಿ. ಮೊದಲಿಗೆ ದೆಹಲಿಯ ಪರಿಕ್ರಮ ಬ್ಯಾಂಡ್ ವಯಲಿನ್ ಇಟ್ಟುಕೊಂಡು ನುಡಿಸಿತು. ಅದೇ ವರ್ಷ ಅವರು ಇಂಗ್ಲೆಂಡಿನ ಡೌನ್‌ಲೋಡ್ ರಾಕ್ ಉತ್ಸವಕ್ಕೂ ಹೋದರು. ಆಮೇಲೆ ಸ್ಟೀವ್ ಹ್ಯಾರಿಸ್‌ನ ಮಗಳು ಲಾರೆನ್ ಹ್ಯಾರಿಸ್ ಹಾಡಿದಳು. ಮೇಡನ್ ಬರುವ ಹೊತ್ತಿಗೆ ಕತ್ತಲಾಗಿತ್ತು.

ಆಗ ಅವರ ಕೈಲಿದ್ದದ್ದು 2006ರ ಹೊಸ ಆಲ್ಬಮ್. ಅದರಿಂದಲೇ ಉದ್ದುದ್ದ ಹಾಡುಗಳನ್ನು ಹಿಡಿದರು. ಹಳೆಯದನ್ನು ಕೇಳಲು ಬಂದಿದ್ದ ಕೆಲವರು ಗೊಣಗಿದರು. ನನಗೂ ಒಂದೆರಡು ಹಾಡು ಎಳೆದ ಹಾಗೆ ಅನ್ನಿಸಿತು. ಸದ್ದಿನ ಅವಸ್ಥೆ ಆಗಲೇ ಹೇಳಿದೆ. ಇಷ್ಟೆಲ್ಲ ಇದ್ದರೂ ಆ ರಾತ್ರಿಯನ್ನು ನಾನು ಮೇಲಿಡುತ್ತೇನೆ. 'ಫಿಯರ್ ಆಫ್ ದ ಡಾರ್ಕ್' ಶುರುವಾದಾಗ ಆದದ್ದು ಅದಕ್ಕೆ ಕಾರಣ.

ಆ ಹಾಡಿನಲ್ಲಿ ಗಿಟಾರಿನ ಎಳೆಯನ್ನೇ ಜನ ಹಾಡುತ್ತಾರೆ. ಮಾತಿಲ್ಲ, ಬರೀ 'ಓ ಓ ಓ'. ಕ್ಯಾಸೆಟ್ಟಿನಲ್ಲಿ ಬೇರೆ ದೇಶದವರು ಹಾಡಿದ್ದನ್ನು ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ. ಒಬ್ಬರೂ ಅದುವರೆಗೆ ಅದನ್ನು ಗುಂಪಿನಲ್ಲಿ ಹಾಡಿರಲಿಲ್ಲ. ನಾನಂತೂ ತೋಟದಲ್ಲಿ ಒಬ್ಬನೇ ಹಾಡಿಕೊಂಡವನು. ಅಲ್ಲಿ ಏಕದಂ ಸಾವಿರಾರು ಜನ ಒಟ್ಟಿಗೆ ಎತ್ತಿಕೊಂಡರು. ಹಿಂದಿನ ಸಾಲಿನವರಿಗೆ ಸದ್ದು ತಡವಾಗಿ ಬರುತ್ತದೆ ಎಂದೆನಲ್ಲ, ಅದರಿಂದ ನಮ್ಮ ಹಾಡು ಮುಂದಿನವರ ಹಾಡಿಗಿಂತ ಕೊಂಚ ಹಿಂದೆ ಬಿತ್ತು. ಇಡೀ ಮೈದಾನ ಅಲೆಯ ಹಾಗೆ ಹಾಡಿತು. ಮುಂದಿನಿಂದ ಎದ್ದದ್ದು ಹಿಂದೆ ಬಂದು ಒಡೆಯುತ್ತಿತ್ತು. ಬ್ರೂಸ್ ಡಿಕಿನ್ಸನ್ ಹಾಡುವುದನ್ನು ಬಿಟ್ಟು ಮೈಕನ್ನು ನಮ್ಮ ಕಡೆ ಹಿಡಿದ. ಪರದೆಯಲ್ಲಿ ಅವನ ಮುಖ ಕಂಡಿತು. ಇಷ್ಟು ಜನ ಇಷ್ಟು ವರ್ಷ ಕಾದಿದ್ದರೇ ಅನ್ನುವ ಬೆರಗು ಅದರಲ್ಲಿತ್ತು. ಅವರಿಗೂ ನಮ್ಮ ದೇಶದಲ್ಲಿ ಅದೇ ಮೊದಲ ರಾತ್ರಿ. ಕೋಲಾರದ ಹುಡುಗ ನನ್ನ ಹೆಗಲ ಮೇಲೆ ಕೈ ಹಾಕಿದ. ಅವನ ಹೆಸರನ್ನೂ ನಾನು ಕೇಳಿರಲಿಲ್ಲ.

ಶಿರಸಿಯ ಬಿಡ್ಕಿಬೈಲಿನಲ್ಲಿ ಮಾರಿಕಾಂಬೆ ಜಾತ್ರೆ ನೋಡಿದವರಿಗೆ ಜನಸಂದಣಿ ಹೊಸದೇನಲ್ಲ. ಆದರೆ ಜಾತ್ರೆಯಲ್ಲಿ ನಮ್ಮವರು ತಮ್ಮವರು ಇರುತ್ತಾರೆ. ಊರಲ್ಲಿ ನನ್ನ ಸಂಗೀತಕ್ಕೆ ನಮ್ಮವರು ಅಂತ ಯಾರೂ ಇರಲಿಲ್ಲ. ಇದ್ದಾರೆ ಅಂತ ಗೊತ್ತಾದದ್ದು ಆ ರಾತ್ರಿ. ಮೆಟಾಲಿಕಾ ಎಷ್ಟೇ ಚೊಕ್ಕ ನುಡಿಸಿದರೂ ಈ ಜಾಗವನ್ನು ತುಂಬಲು ಆಗಲಿಲ್ಲ. ಅವರ ತಪ್ಪೇನೂ ಇಲ್ಲ, ಮೊದಲ ಸಲ ಅನ್ನುವುದು ಒಂದೇ ಸಲ ಬರುತ್ತದೆ ಅಲ್ವಾ.

ಮೇಡನ್ ಮತ್ತೆ ಬಂದರು. 2008ರ ಫೆಬ್ರವರಿ 1ಕ್ಕೆ ಮುಂಬೈಯಲ್ಲಿ, ಬೋಯಿಂಗ್ 757 ವಿಮಾನವನ್ನು ಬ್ರೂಸ್ ಡಿಕಿನ್ಸನ್ ತಾನೇ ಓಡಿಸಿಕೊಂಡು ಊರೂರು ಸುತ್ತಿದ ಆ ಪ್ರವಾಸದ ಮೊದಲ ಕಾರ್ಯಕ್ರಮ ಅದು. 2009ರಲ್ಲಿ ಮತ್ತೆ ಬೆಂಗಳೂರು. ಎರಡಕ್ಕೂ ನಾನು ಹೋಗಲಿಲ್ಲ. ಫೆಬ್ರವರಿ ಅಂದರೆ ಮನೆಯಲ್ಲಿ ಅಡಿಕೆ ಕೆಲಸ. 2007ರ ನೆನಪಿನ ಮೇಲೆ ಇನ್ನೊಂದನ್ನು ಹೇರುವುದೂ ಬೇಡವಾಗಿತ್ತು.

ಇನ್ನು ಸ್ಲೇಯರ್. ಎರಡನೇ ಜಾಗವನ್ನು ನಾನು ಮೆಟಾಲಿಕಾಕ್ಕೆ ಕೊಡುವುದಿಲ್ಲ, ಇವರಿಗೆ ಕೊಡುತ್ತೇನೆ. ಇದನ್ನು ಹೇಳಿದಾಗಲೆಲ್ಲ ನನ್ನ ಗೆಳೆಯರು ಜಗಳಕ್ಕೆ ಬರುತ್ತಾರೆ.

2012ರ ಅಕ್ಟೋಬರ್ 20. ಜಾಗ ಭಾರತೀಯ ಸಿಟಿ, ಹೆಬ್ಬಾಳದಿಂದಲೂ ಆಚೆ. ಮೆಜೆಸ್ಟಿಕ್‌ನಲ್ಲಿ ಬೆಳಿಗ್ಗೆ ಇಳಿದವನು ಅಲ್ಲಿ ಮುಟ್ಟುವಷ್ಟರಲ್ಲಿ ಅರ್ಧ ಸುಸ್ತು. ಜನ ಮೆಟಾಲಿಕಾಕ್ಕೆ ಬಂದಷ್ಟಿರಲಿಲ್ಲ. ಬಂದವರೆಲ್ಲ ಮಾತ್ರ ಗೊತ್ತಿದ್ದೇ ಬಂದವರು. ಫೋಟೋ ತೆಗೆಸಿಕೊಳ್ಳಲು ಬಂದವರಲ್ಲ. ಗುಂಪಿನಲ್ಲಿ ಸುತ್ತು ಹೊಡೆಯುವಾಗ ಒಬ್ಬ ಬಿದ್ದರೆ ನಾಲ್ಕು ಕೈ ಕೆಳಗೆ ಬರುತ್ತಿದ್ದವು. ಕನ್ನಡಕ ಬಿದ್ದರೆ ಎತ್ತಿ ಹಿಡಿದು 'ಯಾರದ್ದು?' ಎಂದು ಕೂಗುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಹೊಡೆದಾಟ ಅನ್ನಿಸುತ್ತದೆ. ಒಳಗೆ ಅಷ್ಟು ಜೋಪಾನ ಮಾಡುವ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ.

ಹಾಡುಗಾರ ಟಾಮ್ ಅರಾಯಾ 2010ರಲ್ಲಿ ಆಪರೇಷನ್ ಆದ ಮೇಲೆ ತಲೆ ಬೀಸುವುದನ್ನು ಬಿಟ್ಟಿದ್ದ. ಕತ್ತಿಗೆ ಪೆಟ್ಟು. ಅಲುಗಾಡದೆ ನಿಂತು ಹಾಡಿದ. ಅದು ನನಗೆ ಕೊರತೆ ಅನ್ನಿಸಲಿಲ್ಲ. ಒಳ್ಳೆಯ ಭಾಗವತರೂ ಕೂತ ಜಾಗದಿಂದಲೇ ರಂಗವನ್ನೆಲ್ಲ ಕುಣಿಸುತ್ತಾರೆ. ಗಿಟಾರಿಸ್ಟ್ ಜೆಫ್ ಹ್ಯಾನೆಮನ್ ಬಂದಿರಲಿಲ್ಲ. ತೋಳಿಗೆ ಸೋಂಕಾಗಿ ಮಾಂಸವೇ ಕೊಳೆತಿತ್ತು. ಅವನ ಜಾಗದಲ್ಲಿ ಎಕ್ಸೋಡಸ್ ಬ್ಯಾಂಡಿನ ಗ್ಯಾರಿ ಹೋಲ್ಟ್ ನುಡಿಸಿದ. ಹ್ಯಾನೆಮನ್ 2013ರ ಮೇ ತಿಂಗಳಲ್ಲಿ ತೀರಿಕೊಂಡ.

ಡ್ರಮ್ಸ್‌ನಲ್ಲಿ ಡೇವ್ ಲೊಂಬಾರ್ಡೊ ಇದ್ದ. ಇದೇ ನನ್ನ ಪಾಲಿನ ದೊಡ್ಡ ಭಾಗ್ಯ. ಎರಡು ಕಾಲಲ್ಲಿ ಎರಡು ಪೆಡಲ್. 'ರೇನಿಂಗ್ ಬ್ಲಡ್' ಶುರುವಾಗುವ ಮೊದಲು ಡ್ರಮ್ಮಿನ ಆ ಮೂರು ಗುದ್ದು ಬರುತ್ತವಲ್ಲ, ಅದನ್ನು ಕೇಳಿದಾಗ ಬೆಳಗಿನ ನಾಲ್ಕು ಗಂಟೆಗೆ ರಾಕ್ಷಸನ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುವುದು ನೆನಪಾಯಿತು. ವೇಷ ಇನ್ನೂ ಕಂಡಿಲ್ಲ, ತೆರೆ ಅಲುಗುತ್ತಿದೆ, ಚಂಡೆ ಮಾತ್ರ ಕೇಳುತ್ತಿದೆ. ಮಕ್ಕಳೆಲ್ಲ ಅಮ್ಮನ ಸೆರಗು ಹಿಡಿಯುವ ಹೊತ್ತು. ಆ ಹೆದರಿಕೆಯ ಖುಷಿ ಮೂವತ್ತು ದಾಟಿದ ಮೇಲೆ ನನಗೆ ವಾಪಸ್ ಸಿಕ್ಕಿದ್ದು ಸ್ಲೇಯರ್‌ನಿಂದ. ಕೆಲವೇ ತಿಂಗಳಲ್ಲಿ ಲೊಂಬಾರ್ಡೊ ಬ್ಯಾಂಡಿನಿಂದ ಹೊರಗೆ ಬಿದ್ದ. ಬೆಂಗಳೂರಿನವರು ಅವನನ್ನು ನೋಡಿದ್ದು ಅವನು ಸ್ಲೇಯರ್‌ನಲ್ಲಿದ್ದ ಕೊನೆಯ ದಿನಗಳಲ್ಲಿ.

ಮುಂಬೈಯ ಗನ್ಸ್ ಎನ್ ರೋಸಸ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2025ರ ಮೇ 17, ಮಹಾಲಕ್ಷ್ಮಿ ರೇಸ್‌ಕೋರ್ಸ್. ಕುಮಟಾದಿಂದ ಮತ್ಸ್ಯಗಂಧ ರೈಲಿನಲ್ಲಿ ಹೋದೆ. ಕರಾವಳಿಯವರಿಗೆ ಬೆಂಗಳೂರಿನ ಬಸ್ಸಿಗಿಂತ ಇದೇ ಸಲೀಸು. ಮಲಗಿಕೊಂಡು ಹೋಗಬಹುದು. 2012ರಲ್ಲಿ ಅವರು ಬೆಂಗಳೂರಿಗೆ ಬಂದಾಗ ಹಳೆಯ ಗಿಟಾರಿಸ್ಟ್ ಸ್ಲ್ಯಾಶ್ ಇರಲಿಲ್ಲ, ಅದಕ್ಕೇ ಹೋಗಿರಲಿಲ್ಲ. ಈ ಸಲ ಸ್ಲ್ಯಾಶ್, ಬೇಸ್ ನುಡಿಸುವ ಡಫ್ ಇಬ್ಬರೂ ಇದ್ದರು. ಹಾಡುಗಾರ ಆಕ್ಸಲ್ ರೋಸ್‌ಗೆ ಆಗ 63 ವರ್ಷ, ಮೇಲಿನ ಸ್ವರಗಳು ಮೊದಲಿನ ಹಾಗೆ ನಿಲ್ಲುವುದಿಲ್ಲ. ಸ್ಲ್ಯಾಶ್‌ನ ಗಿಟಾರು ಮಾತ್ರ ಹಾಗೇ ಇದೆ. ಹೋಗಿದ್ದಕ್ಕೆ ಖುಷಿ ಇದೆ. ಮೇಲಿನ ಮೂರರ ಸಾಲಿಗೆ ತರಲಾರೆ. ಪಕ್ಕದವರೆಲ್ಲ ಫೋನ್ ಎತ್ತಿ ಹಿಡಿದಿದ್ದರು, ನಾನು ಹೆಚ್ಚಿನ ಹೊತ್ತು ಸ್ಲ್ಯಾಶ್‌ನನ್ನು ನೋಡಿದ್ದು ಬೇರೆಯವರ ಫೋನಿನ ಪರದೆಯಲ್ಲಿ.

ಕೊನೆಗೆ ಇನ್ನೊಂದು ಉಳಿದಿದೆ. ಇದಕ್ಕೆ ಟಿಕೆಟ್ ಇರಲಿಲ್ಲ. ಕಾರವಾರದ ಟಾಗೋರ್ ಕಡಲತೀರದಲ್ಲಿ ಒಂದು ಸಂಜೆ ಕಾಲೇಜು ಹುಡುಗರು ಐದು ಜನ ನುಡಿಸಿದರು. ಕೇಳಲು ಇನ್ನೂರು ಜನ ಇದ್ದಿರಬಹುದು. ಸಂಜೆಯ ಗಾಳಿ ಕಡಲಿನಿಂದ ಊರ ಕಡೆ ಬೀಸುತ್ತದೆ. ರಂಗವನ್ನು ಕಡಲಿಗೆ ಬೆನ್ನು ಮಾಡಿ ಕಟ್ಟಿದ್ದರು, ಹಾಗಾಗಿ ಸಣ್ಣ ಸ್ಪೀಕರಿನ ಸದ್ದೂ ರಸ್ತೆಯವರೆಗೆ ಬಂತು. ಮೊದಲು ಮೇಡನ್‌ನ ಒಂದು ಹಾಡು, ಅಲ್ಲಲ್ಲಿ ತಪ್ಪುತ್ತಾ. ಆಮೇಲೆ ತಮ್ಮದೇ ಒಂದು, ಕನ್ನಡದಲ್ಲಿ, ಮೀನುಗಾರರ ದೋಣಿ ವಾಪಸ್ ಬಾರದ ರಾತ್ರಿಯ ಬಗ್ಗೆ. ಹಾಡುವ ಹುಡುಗನ ಗಂಟಲು ಒಡೆಯಿತು. ನಿಲ್ಲಿಸಲಿಲ್ಲ. ಮುಂದೆ ಮರಳಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಮೀನಿನ ಬುಟ್ಟಿ ಪಕ್ಕಕ್ಕಿಟ್ಟು ಎದ್ದು ನಿಂತಳು. ಹಾಡು ಮುಗಿಯುವವರೆಗೂ ನಿಂತೇ ಇದ್ದಳು.

ರಾತ್ರಿ ಹತ್ತಕ್ಕೆ ಮೈಕ್ ಬಂದ್. ಆ ನಿಯಮ ಅರಮನೆ ಮೈದಾನಕ್ಕೂ ಅದೇ, ಕಾರವಾರಕ್ಕೂ ಅದೇ. ಹುಡುಗರು ತಂತಿ ಸುತ್ತುತ್ತಿದ್ದಾಗ ಹತ್ತಿರ ಹೋಗಿ, ಆ ದೋಣಿಯ ಹಾಡನ್ನು ಮತ್ತೆ ಯಾವಾಗ ನುಡಿಸುತ್ತೀರಿ ಎಂದು ಕೇಳಿದೆ. ಡ್ರಮ್ಸ್ ಹುಡುಗ ನನ್ನ ಕೈ ನೋಡಿದ. 'ಘಟ್ಟದ ಮೇಲಿನವರಾ?' ಎಂದ. ಹೌದು ಎಂದೆ. ಫೋನ್ ನಂಬರ್ ಬರೆದುಕೊಂಡ.